ನಂಜುಂಡಣ್ಣನ ಹಾರ್ಮೋನಿ ಅಂಗಡಿಯಲ್ಲಿ ಒಂದು ವರ್ಷ

ಹೋದ ವಾರ ಸಕಲೇಶಪುರಕ್ಕೆ ಹೋಗಿದ್ದೆ. ಮಿಕ್ಸಿ ರಿಪೇರಿಗೆ ಕೊಡುವುದಿತ್ತು, ಅಷ್ಟೇ ಕೆಲಸ. ಬಸ್‌ಸ್ಟ್ಯಾಂಡಿನಿಂದ ಬಿ.ಎಂ. ರಸ್ತೆಗೆ ಬಂದು ನಾಲ್ಕು ಹೆಜ್ಜೆ ಹಾಕಿದ್ದೆನೋ ಇಲ್ಲವೋ, ಸ್ಪಿರಿಟ್ಟಿಗೆ ಅರಗು ಕಲಸಿದ ಪಾಲಿಶಿನ ವಾಸನೆ ಬಂತು. ಯಾವುದೋ ಮರಗೆಲಸದ ಅಂಗಡಿಯವರು ಬಾಗಿಲಿನ ಚೌಕಟ್ಟಿಗೆ ಬಳಿಯುತ್ತಿದ್ದರು. ಈಗ ಅದನ್ನು ಬಳಸುವವರು ಕಡಿಮೆ. ನಾನು ಮಿಕ್ಸಿ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಮೂವತ್ತು ವರ್ಷ ಆ ವಾಸನೆ ನನಗೆ ಒಂದೇ ಕಡೆ ಸಿಗುತ್ತಿತ್ತು, ನಂಜುಂಡಣ್ಣನ ಅಂಗಡಿಯಲ್ಲಿ. ಮೂವತ್ತು ವರ್ಷದಲ್ಲಿ ನೆನಪಿಗೆ ಬಂದದ್ದು ಮಾತ್ರ ಒಂದೇ ವರ್ಷ. ನಾನು ಎಸ್ಟೇಟಿನ ಕೆಲಸದಿಂದ ನಿವೃತ್ತನಾಗುವುದಕ್ಕೆ ಹಿಂದಿನ ವರ್ಷ.

ನಾನು ಹಾನುಬಾಳು ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಬರೆಯುವವನು ಅಂತೇನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಕೂಗುವುದು, ಯಾರು ತೋಟದ ಯಾವ ಪಟ್ಟೆಗೆ ಹೋಗಬೇಕು ಅಂತ ಹಂಚುವುದು, ಸ್ಟೋರಿನ ಬೀಗದ ಕೈ ಸೊಂಟಕ್ಕೆ ಕಟ್ಟಿಕೊಂಡು ಓಡಾಡುವುದು. ನನ್ನ ಊರು ಆಲೂರಿನ ಕಡೆ. ಇಪ್ಪತ್ತೇಳನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಮದುವೆಯಾಗಿರಲಿಲ್ಲ. ಸಂತೆಯ ದಿನ ಎಸ್ಟೇಟಿಗೆ ರಜೆ. ಎಲ್ಲರೂ ಸಕಲೇಶಪುರಕ್ಕೆ ಇಳಿಯುತ್ತಿದ್ದರು. ನನಗೆ ಕೊಳ್ಳುವುದು ಏನೂ ಇರುತ್ತಿರಲಿಲ್ಲ, ಹಿಂದಿರುಗುವ ಬಸ್ಸಿನ ತನಕ ಹೊತ್ತು ಕಳೆಯಬೇಕಿತ್ತು.

ಹಾಗೆ ಒಂದು ದಿನ ನಂಜುಂಡಣ್ಣನ ಅಂಗಡಿಗೆ ನುಗ್ಗಿದೆ. ಮುಂದೆ ಗಾಜಿನ ಕಪಾಟಿನಲ್ಲಿ ಕ್ಯಾಸೆಟ್ಟುಗಳು, ಗೋಡೆಗೆ ನೇತುಹಾಕಿದ ತಬಲ, ತಾಳ, ಗೆಜ್ಜೆ, ಒಳಗಡೆ ಸಾಲಾಗಿ ಹಾರ್ಮೋನಿಯಂಗಳು. ನಮ್ಮ ಕಡೆ ಅದನ್ನು ಹಾರ್ಮೋನಿ ಅಂತಲೋ ಪೆಟ್ಟಿಗೆ ಅಂತಲೋ ಕರೆಯುತ್ತೇವೆ. ನಾನು ಒಂದು ಕೊಳಲು ತೆಗೆದುಕೊಂಡೆ. ಮೂರು ಸಂತೆ ಕಳೆದರೂ ಅದರಿಂದ ಗಾಳಿ ಬಿಟ್ಟು ಬೇರೆ ಏನೂ ಹೊರಡಲಿಲ್ಲ. ವಾಪಸ್ ತೆಗೆದುಕೊಂಡು ಹೋದೆ. ನಂಜುಂಡಣ್ಣ ನಕ್ಕರು.

"ಊದೋದು ನಿಮ್ಮ ಕೈಲಾಗೋ ಕೆಲಸ ಅಲ್ಲ ರೈಟ್ರೇ. ಒತ್ತೋದು ಆಗ್ಬೋದು, ಕೂತ್ಕೊಳಿ" ಅಂತ ಒಂದು ಹಳೇ ಪೆಟ್ಟಿಗೆ ಮುಂದೆ ಸ್ಟೂಲು ಎಳೆದರು.

ಆವತ್ತು ಕೂತವನು ಮೂವತ್ತು ವರ್ಷ ಏಳಲಿಲ್ಲ ಅಂದರೂ ಸರಿಯೇ. ಪ್ರತಿ ಸಂತೆ ಒಂದು ಗಂಟೆ. ಗಿರಾಕಿ ಬಂದರೆ ಅವರು ಎದ್ದು ಹೋಗುವರು, ನಾನು ಒತ್ತುತ್ತಾ ಇರುವೆ. ತಪ್ಪಾದರೆ ಅತ್ತ ಕಡೆಯಿಂದಲೇ "ಆ ಮನೆ ಅಲ್ಲ, ಪಕ್ಕದ್ದು" ಅಂತ ಕೂಗುವರು. ಮನೆ ಅಂದರೆ ಬೆರಳಿಟ್ಟು ಒತ್ತುವ ಬಿಳಿ ಕಪ್ಪು ಪಟ್ಟಿ. ಬೆನ್ನು ತಿರುಗಿಸಿ ತಬಲದ ಚರ್ಮ ಬಿಗಿಯುತ್ತಿದ್ದರೂ ನನ್ನ ಯಾವ ಬೆರಳು ಎಲ್ಲಿ ಜಾರಿತು ಅಂತ ಅವರಿಗೆ ಗೊತ್ತಾಗುತ್ತಿತ್ತು. ಮುಂದೆ ಎಸ್ಟೇಟಿನ ಪಕ್ಕದ ನಮ್ಮ ಹಳ್ಳಿಯ ಭಜನಾ ಮಂಡಳಿಗೆ ಅವರ ಹತ್ತಿರವೇ ಒಂದು ಒಳ್ಳೇ ಹಾರ್ಮೋನಿ ಮಾಡಿಸಿದೆವು. ನುಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಅದೂ ಹೋಯಿತು. ಗಾಜಿನ ಕಪಾಟಿನಲ್ಲಿ ಮೊಬೈಲ್ ಕವರ್ ಇಟ್ಟರು. ಹಾರ್ಮೋನಿ ಶ್ರುತಿ ಮಾಡಲು ಮಾತ್ರ ದೋಣಿಗಲ್‌ನಿಂದ ಕುಂದೂರಿನವರೆಗೂ ಜನ ಅವರ ಹತ್ತಿರವೇ ಬರುತ್ತಿದ್ದರು.

ಅಂಗಡಿಯಲ್ಲಿ ಅವರ ಹೆಂಡತಿಯೂ ಇರುತ್ತಿದ್ದರು. ಒಳಗಿನ ಮೂಲೆಯಲ್ಲಿ ಕೂತು ಮನೆಗಳನ್ನು ಒಂದೊಂದಾಗಿ ಒರೆಸುತ್ತಲೋ ತಿದಿಯ ಬಟ್ಟೆಗೆ ಅಂಟು ಹಚ್ಚುತ್ತಲೋ ಇರುವರು. ನಾನು ಹೋದರೆ ಕಾಫಿ ತಂದುಕೊಡುವರು. ಮೂವತ್ತು ವರ್ಷದಲ್ಲಿ ನಾನು ಅವರ ಜೊತೆ ಆಡಿದ ಮಾತು "ಚೆನ್ನಾಗಿದೀರಾ" ಅನ್ನುವುದೊಂದೇ. ಅವರ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಆ ವರ್ಷ ಆಷಾಢದಲ್ಲಿ ಮಳೆ ಜೋರಾಗಿತ್ತು. ಹಾರ್ಮೋನಿಗೆ ಮಳೆಗಾಲ ಆಗಿಬರುವುದಿಲ್ಲ. ಮರ ಉಬ್ಬಿ ಮನೆಗಳು ಒತ್ತಿದಲ್ಲೇ ಕೂತುಬಿಡುತ್ತವೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಶ್ರಾವಣ ಶನಿವಾರದ ಭಜನೆ ಶುರುವಾಗುವುದರೊಳಗೆ ರಿಪೇರಿ ಮಾಡಿಸುವುದು ಎಲ್ಲಾ ಮಂಡಳಿಗಳ ವಾಡಿಕೆ. ನಾನು ನಮ್ಮ ಪೆಟ್ಟಿಗೆಯನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿ ಕೊಟ್ಟೆ. ಒಂದು ವಾರದ ಮೇಲೆ ಹೋಗಿ ತಂದೆ. ಹೊಸದರ ಹಾಗೆ ಹೊಳೆಯುತ್ತಿತ್ತು. ಅಂಗಡಿಯಲ್ಲಿ ಕಿವಿಯಿಟ್ಟು ನೋಡಲಿಲ್ಲ. ನಂಜುಂಡಣ್ಣನ ಕೆಲಸವನ್ನು ನೋಡುವುದೇನು?

ಮೊದಲನೇ ಶನಿವಾರ ಭಜನೆಗೆ ಕೂತೆವು. ನಮ್ಮಲ್ಲಿ ಮುಂದೆ ನಿಂತು ಹಾಡುವವನು ಧರ್ಮಣ್ಣ. ಗದ್ದೆ, ಒಂದಿಷ್ಟು ಕಾಫಿ ತೋಟ ಇರುವ ರೈತ. ಒಳ್ಳೇ ಕಂಠ. ಮೆಟ್ಟಿಲು ಹತ್ತಿದ ಹಾಗೆ ಮೇಲಿನ ಸ್ವರಕ್ಕೆ ಹೋದವನು ಅಲ್ಲಿ ಹಠಾತ್ತನೆ ನಿಲ್ಲಿಸಿ ನನ್ನ ಕಡೆ ತಿರುಗಿದ.

"ಏನ್ರೀ ರೈಟ್ರೇ, ಪೆಟ್ಟಿಗೆ ನರಳ್ತಾ ಐತೆ?"

ಮೇಲಿನ ಸಪ್ತಕದ ಸ್ವರಗಳು ಒಂದೂ ನೆಟ್ಟಗಿರಲಿಲ್ಲ. ಹಾರ್ಮೋನಿಯ ಒಳಗೆ ಪ್ರತಿ ಸ್ವರಕ್ಕೆ ತೆಳ್ಳನೆ ನಾಲಿಗೆಯಂಥ ಎರಡು ಹಿತ್ತಾಳೆಯ ರೀಡುಗಳು ಇರುತ್ತವೆ. ಎರಡೂ ಒಂದೇ ಆಗಿ ನುಡಿದರೆ ದನಿ ನಿಂತ ನೀರಿನ ಹಾಗಿರುತ್ತದೆ. ಒಂದು ಕೂದಲೆಳೆ ವ್ಯತ್ಯಾಸವಾದರೂ ದನಿ ಅಲೆ ಅಲೆಯಾಗಿ ನಡುಗುತ್ತದೆ. ನಮ್ಮದು ನಡುಗುತ್ತಿತ್ತು. ಅವತ್ತು ಕೆಳಗಿನ ಸ್ವರಗಳಲ್ಲೇ ಹೇಗೋ ಭಜನೆ ಮುಗಿಸಿದೆವು.

ಮುಂದಿನ ಸಂತೆಗೆ ಪೆಟ್ಟಿಗೆ ಹೊತ್ತುಕೊಂಡು ಹೋದೆ. ಶೀತಕ್ಕೆ ಏನೋ ಆಗಿರಬೇಕು ಅಂದುಕೊಂಡಿದ್ದೆ. ನಂಜುಂಡಣ್ಣ ತಿದಿ ಎಳೆದು, ತಲೆ ಬಗ್ಗಿಸಿ, ಮೇಲಿನ ಮನೆಗಳನ್ನು ಒಂದೊಂದಾಗಿ ಒತ್ತಿದರು. ನಡುಕ ನನಗೆ ಸ್ಪಷ್ಟವಾಗಿ ಕೇಳುತ್ತಿತ್ತು.

"ಸರಿಯಾಗೇ ಐತಲ್ಲ ರೈಟ್ರೇ" ಅಂದರು. "ಮಳೆ ನೀರು ನಿಮ್ಮ ಕಿವಿಗೆ ಹೋಗೈತೆ ನೋಡಿ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಇಲ್ಲ. ಮುಖದಲ್ಲಿ ತಮಾಷೆ ಇರಲಿಲ್ಲ. ಒಳಗೆ ಮೂಲೆಯಲ್ಲಿ ಅವರ ಹೆಂಡತಿ ಬಟ್ಟೆ ಹಿಡಿದುಕೊಂಡು ಹಾಗೇ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ನೋಡಿದ ಕೂಡಲೇ ತಲೆ ತಗ್ಗಿಸಿದರು. ನಂಜುಂಡಣ್ಣ ಪೆಟ್ಟಿಗೆಯನ್ನು ಒಳಗೆ ತೆಗೆದುಕೊಳ್ಳಲೇ ಇಲ್ಲ. ಅಲ್ಲಿಂದಲೇ ವಾಪಸ್ ಕೊಟ್ಟರು. ಮತ್ತೆ ಪ್ಲಾಸ್ಟಿಕ್ ಸುತ್ತಿ ಎದ್ದು ಬಂದೆ.

ಆಮೇಲೆ ನಾನು ಗಮನಿಸತೊಡಗಿದೆ. ಗಿರಾಕಿ ಬಾಗಿಲಲ್ಲಿ ನಿಂತು ಏನಾದರೂ ಕೇಳಿದರೆ ನಂಜುಂಡಣ್ಣ ಮೊದಲು ಹೆಂಡತಿಯ ಕಡೆ ನೋಡುತ್ತಿದ್ದರು. ಅವರು "ತಾಳ ಬೇಕಂತೆ" ಅಂತ ಇನ್ನೊಂದು ಸಲ ಹೇಳುವರು. ಎಷ್ಟೋ ದಿನದಿಂದ ಹಾಗೇ ನಡೆಯುತ್ತಿತ್ತು ಅಂತ ಕಾಣುತ್ತದೆ, ನನಗೆ ಗಂಡ ಹೆಂಡಿರ ರೂಢಿ ಅನ್ನಿಸಿತ್ತು. ಅಂಗಡಿಯೊಳಗೆ ಫೋನ್ ಗುಂಯ್ ಅಂದರೂ ಅವರು ಏಳುತ್ತಿರಲಿಲ್ಲ. ದೋಣಿಗಲ್ ಕಡೆಯ ಮಂಡಳಿಯವರಿಬ್ಬರು ಬಂದು ಇದೇ ದೂರು ಹೇಳಿದಾಗ "ನುಡಿಸೋಕೆ ಬರ್ದೆ ಇರೋರಿಗೆಲ್ಲಾ ಪೆಟ್ಟಿಗೆ ಮೇಲೆ ತಪ್ಪು ಹೊರ್ಸೋದು ಸಲೀಸು" ಅಂತ ಗದರಿ ಕಳಿಸಿದರು. ಅವರಿಬ್ಬರೂ ಹೊರಟುಹೋದರು. ಮತ್ತೆ ಅಂಗಡಿಗೆ ಬರುವವರಲ್ಲ ಅಂತ ಅವರು ನಡೆದುಹೋದ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಯಾರಾದರೂ ಹೇಳಬೇಕಿತ್ತು. ಮೂವತ್ತು ವರ್ಷದ ಗಿರಾಕಿ ನಾನು, ನಾನೇ ಹೇಳಬೇಕು ಅನ್ನಿಸಿತು. ಆದರೆ ಹೇಗೆ ಹೇಳುವುದು ಅಂತ ತಿಳಿಯದೆ ಒಂದು ಪೆದ್ದು ಕೆಲಸ ಮಾಡಿದೆ. ಫೋನಿನಲ್ಲಿ ಶ್ರುತಿ ನೋಡುವ ಆಪ್ ಇದೆ, ಸ್ವರ ಸರಿ ಇದ್ದರೆ ಸೂಜಿ ನಡುವೆ ನಿಲ್ಲುತ್ತದೆ, ತಪ್ಪಿದ್ದರೆ ಆ ಕಡೆ ಈ ಕಡೆ ವಾಲುತ್ತದೆ. ಅದನ್ನು ಹಾಕಿಸಿಕೊಂಡು ಹೋದೆ. ಮಳೆ ಹೊಯ್ಯುತ್ತಿದ್ದ ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಗಿರಾಕಿಗಳು ಯಾರೂ ಇರಲಿಲ್ಲ.

"ನಂಜುಂಡಣ್ಣ, ತಪ್ಪು ತಿಳ್ಕೋಬೇಡಿ. ಕಿವಿ ಒಂದ್ಸಲ ತೋರಿಸ್ಕೊಂಡ್ರೆ ಒಳ್ಳೇದು ಅನ್ಸುತ್ತೆ" ಅಂದೆ.

"ಏನು?"

ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ. ಹೇಳಿ ಸುಮ್ಮನಿದ್ದರೂ ಆಗುತ್ತಿತ್ತು. ಅವರೇ ಆಗ ತಾನೇ ಮುಗಿಸಿಟ್ಟಿದ್ದ ಪೆಟ್ಟಿಗೆಯ ಮೇಲಿನ ಮನೆ ಒತ್ತಿ, ಫೋನು ಮುಂದೆ ಹಿಡಿದೆ. ಸೂಜಿ ಎಡಕ್ಕೆ ವಾಲಿತು. ಇನ್ನೊಂದು ಮನೆ ಒತ್ತಿದೆ. ಬಲಕ್ಕೆ ವಾಲಿತು.

ನಂಜುಂಡಣ್ಣನ ಮುಖ ಕಪ್ಪಿಟ್ಟಿತು. "ಸ್ವರ ಅಂದ್ರೆ ಏನು ಅಂತ ನಿಮಗೆ ತೋರ್ಸಿದ್ದು ಯಾರು ರೈಟ್ರೇ? ಈ ಫೋನಾ?" ಅಂದರು. ದನಿ ಏರಲಿಲ್ಲ, ಅದೇ ಕಷ್ಟವಾದದ್ದು. "ನನ್ನ ಅಂಗಡೀಲಿ ಕೂತು ನನಗೇ ಶ್ರುತಿ ಹೇಳ್ಕೊಡೋ ಮಟ್ಟಕ್ಕೆ ಬಂದ್ಬುಟ್ರಿ. ಎದ್ದೋಗಿ."

"ಅಣ್ಣಾ..."

"ಎದ್ದೋಗಿ ಅಂದೆ. ಇನ್ನು ಈ ಕಡೆ ಬರೋದು ಬ್ಯಾಡ."

ಕೊಡೆ ಬಿಚ್ಚುವುದಕ್ಕೂ ಕೈ ಬರಲಿಲ್ಲ. ನೆನೆದುಕೊಂಡೇ ಬಸ್‌ಸ್ಟ್ಯಾಂಡಿಗೆ ನಡೆದೆ.

ಎರಡೂವರೆ ತಿಂಗಳು ಆ ಅಂಗಡಿಯ ಮುಂದೆ ಹೋಗಲಿಲ್ಲ. ಸಂತೆಗೆ ಹೋದರೂ ರಸ್ತೆಯ ಆಚೆ ಬದಿಯಿಂದ ಹೋಗಿ ಬರುತ್ತಿದ್ದೆ. ನನ್ನ ಹೆಂಡತಿ ಸುಜಾತ "ಸಂತೆಯಿಂದ ಇಷ್ಟು ಬೇಗ ಬರ್ತೀರಲ್ಲ, ಮೈ ಹುಷಾರಿಲ್ವಾ" ಅಂತ ಕೇಳಿದಳು. ಧರ್ಮಣ್ಣ ಪೆಟ್ಟಿಗೆಯನ್ನು ಹಾಸನಕ್ಕೆ ಕೊಟ್ಟು ಬರೋಣ ಅಂತ ಎರಡು ಸಲ ಅಂದ. "ನೋಡಾಣ ತಡಿ" ಅಂತ ಮುಂದೂಡಿದೆ. ಬೇರೆಯವರ ಕೈಗೆ ಅದನ್ನು ಕೊಡಲು ನನಗೆ ಮನಸ್ಸಿರಲಿಲ್ಲ. ಮಂಡಳಿಯವರಿಗೆ ಕಾರಣ ಹೇಳಲೂ ಇಲ್ಲ. ಹೇಳಿದರೆ ಊರೂರಿಗೆ ಹಬ್ಬುತ್ತದೆ. ಮೇಲಿನ ಸಪ್ತಕ ಮುಟ್ಟದೆ ಗಣಪತಿ ಹಬ್ಬ, ದಸರಾ ಎಲ್ಲಾ ಕಳೆದೆವು.

ನವೆಂಬರಿನಲ್ಲಿ ಅರೇಬಿಕಾ ಹಣ್ಣು ಕುಯ್ಲು ಶುರುವಾಯಿತು. ರೈಟರನಿಗೆ ಉಸಿರಾಡಲು ಬಿಡುವಿಲ್ಲದ ಕಾಲ ಅದು. ಒಂದು ದಿನ ಹನ್ನೊಂದು ಗಂಟೆ ಹೊತ್ತಿಗೆ ಸ್ಟೋರಿನ ಹತ್ತಿರ ಚೀಲ ಕೊಡಿಸುತ್ತಿದ್ದೆ. ಎಸ್ಟೇಟಿನ ಗೇಟಿನಿಂದ ಒಬ್ಬ ಹೆಂಗಸು ನಡೆದು ಬರುತ್ತಿರುವುದು ಕಾಣಿಸಿತು. ಹತ್ತಿರ ಬಂದ ಮೇಲೆ ಗೊತ್ತಾಯಿತು, ನಂಜುಂಡಣ್ಣನ ಹೆಂಡತಿ. ಅವರನ್ನು ಅಂಗಡಿಯ ಹೊರಗೆ ನಾನು ನೋಡಿದ್ದು ಅದೇ ಮೊದಲು. ಬಸ್ ಇಳಿದು ಎರಡು ಮೈಲಿ ನಡೆದುಕೊಂಡು ಬಂದಿದ್ದರು.

ಮನೆಗೆ ಬನ್ನಿ ಅಂದರೆ ಒಪ್ಪಲಿಲ್ಲ. ಸ್ಟೋರಿನ ಜಗುಲಿಯ ಮೇಲೆ ಕೂತರು.

"ಅವ್ರು ಕೆಲಸ ಬಿಟ್ಬುಟ್ಟವ್ರೆ" ಅಂದರು. "ಮೂರು ವಾರ ಆಯ್ತು, ಅರ ಮುಟ್ಟಿಲ್ಲ. ಅಂಗಡಿ ಬಾಗಿಲು ತೆಗೀತಾರೆ, ಸುಮ್ನೆ ಕೂರ್ತಾರೆ. ಬಂದೋರಿಗೆಲ್ಲ ಪುರುಸೊತ್ತಿಲ್ಲ ಅಂತ ಹೇಳಿ ಕಳಿಸ್ತಾರೆ."

"ನನ್ನಿಂದ ಆಯ್ತು ಅಕ್ಕ. ನಾನು ಆ ಫೋನು ತೋರಿಸಬಾರದಿತ್ತು."

"ತೋರ್ಸಿದ್ದೇ ಒಳ್ಳೇದಾಯ್ತು. ನೀವು ಹೋದ್ಮೇಲೆ ಅವರೂ ಅದನ್ನ ತಮ್ಮ ಫೋನಿಗೆ ಹಾಕ್ಕೊಂಡ್ರು, ನಂಗೆ ಗೊತ್ತಾಗ್ದಂಗೆ. ಸೂಜಿ ನೋಡ್ಕೊಂಡು ಉಜ್ತಿದ್ರು. ರಸ್ತೇಲಿ ಲಾರಿ ಹೋದ್ರೆ ಸೂಜಿ ಕುಣೀತೈತೆ, ಅವರಿಗೆ ಯಾವುದನ್ನ ನಂಬೋದು ಅಂತ ತಿಳೀಲಿಲ್ಲ. ಉಜ್ಜಿ ಉಜ್ಜಿ ಒಂದು ರೀಡು ಮುರ್ದೇ ಹೋಯ್ತು. ಆವತ್ತು ಅರ ಕೆಳಗಿಟ್ಟೋರು, ಮತ್ತೆ ತಗೊಂಡಿಲ್ಲ."

ಅರ ಅಂದರೆ ರೀಡು ಉಜ್ಜುವ ಸಣ್ಣ ಕಬ್ಬಿಣದ ಕಡ್ಡಿ. ತುದಿಯಲ್ಲಿ ಉಜ್ಜಿದರೆ ಸ್ವರ ಏರುತ್ತದೆ, ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ.

ಸೆರಗಿನಿಂದ ಮುಖ ಒರೆಸಿಕೊಂಡು ಅವರು ಹೇಳಿದರು, "ನಂಗೆ ಎರಡು ವರ್ಷದಿಂದ ಗೊತ್ತಿತ್ತು."

"ಹೆಂಗೆ?"

"ಕೇಳುಸ್ತೈತಲ್ಲ" ಅಂದರು, ಇದೇನು ಪ್ರಶ್ನೆ ಅನ್ನುವ ಹಾಗೆ.

ಆಮೇಲೆ ಹೇಳಿದ್ದನ್ನು ಕೇಳುತ್ತಾ ನಾನೂ ಜಗುಲಿಯ ಮೇಲೆ ಕೂತೆ. ಎರಡು ವರ್ಷದಿಂದ ನಂಜುಂಡಣ್ಣ ಊಟಕ್ಕೆ ಮನೆಗೆ ಹೋಗಿ ಒಂದು ನಿದ್ದೆ ತೆಗೆದು ಬರುವಷ್ಟರಲ್ಲಿ, ಅವರು ಶ್ರುತಿ ಮಾಡಿಟ್ಟ ಪೆಟ್ಟಿಗೆಯ ಸ್ಕ್ರೂ ಬಿಚ್ಚಿ, ಮೇಲಿನ ಸ್ವರಗಳನ್ನೆಲ್ಲ ಇವರು ಸರಿಮಾಡಿ, ಮೊದಲಿದ್ದ ಹಾಗೇ ಮುಚ್ಚಿಡುತ್ತಿದ್ದರಂತೆ. ಯಾರೂ ಕಲಿಸಿರಲಿಲ್ಲ. ಮೂವತ್ತೈದು ವರ್ಷ ಪಕ್ಕದಲ್ಲಿ ಕೂತು ಮನೆ ಒರೆಸಿದವರು. ಈ ಸಲ ಆಷಾಢದಲ್ಲಿ ಇವರ ತಂಗಿ ಬೇಲೂರಿನಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡಿದ್ದಳು. ನೋಡಿಕೊಳ್ಳಲು ಒಂದು ತಿಂಗಳು ಹೋಗಿದ್ದರು. ಆ ತಿಂಗಳಲ್ಲಿ ಅಂಗಡಿಯಿಂದ ಏಳು ಪೆಟ್ಟಿಗೆಗಳು ಹೋಗಿದ್ದವು. ನಮ್ಮದೂ ಅದರಲ್ಲಿ ಒಂದು.

ಪೆಟ್ಟಿಗೆ ಕೊಡಲು, ತರಲು ನಾನು ಎರಡು ಸಲ ಅಂಗಡಿಗೆ ಹೋಗಿದ್ದೆ. ಅವರು ಇಲ್ಲ ಅಂತ ನನಗೆ ತಿಳಿದೇ ಇರಲಿಲ್ಲ. ಅದಕ್ಕೂ ಹಿಂದಿನ ವರ್ಷ ನಮ್ಮ ಪೆಟ್ಟಿಗೆ ಎಷ್ಟು ಚೆನ್ನಾಗಿ ನುಡಿದಿತ್ತೆಂದರೆ, ನಂಜುಂಡಣ್ಣನಿಗೆ ಎಸ್ಟೇಟಿನ ಕಿತ್ತಳೆ ಹಣ್ಣು ಒಂದು ಚೀಲ ತಂದುಕೊಟ್ಟು ಕೈ ಮುಗಿದಿದ್ದೆ. ಆ ಹಣ್ಣನ್ನು ಈ ಅಕ್ಕ ಬುಟ್ಟಿಗೆ ಸುರಿದು ಚೀಲ ಮಡಿಸಿ ನನಗೆ ವಾಪಸ್ ಕೊಟ್ಟಿದ್ದರು.

"ಅವರಿಗೆ ಇದು ಗೊತ್ತಾಗೋದು ಬ್ಯಾಡ" ಅಂದರು. "ಆಸ್ಪತ್ರೆಗೆ ಕರ್ಕೊಂಡು ಹೋಗಿ. ನಾನು ಕರದ್ರೆ ಬರಲ್ಲ. ನಿಮ್ಮ ಮೇಲೆ ಸಿಟ್ಟಿದ್ರೂ ನೀವು ಕರದ್ರೆ ಬತ್ತಾರೆ."

ಆಗಲಿ ಅಂದೆ. ಬಸ್ಸಿಗೆ ಬಿಡಲು ಎಸ್ಟೇಟಿನ ಜೀಪು ಹೇಳಿಸಿ, ಹತ್ತುವಾಗ ಕೇಳಿದೆ, "ಅಕ್ಕಾ, ನಿಮ್ಮ ಹೆಸರೇನು?"

"ಲಲಿತ" ಅಂದರು.

ಮುಂದಿನ ಸಂತೆಗೆ ಅಂಗಡಿಗೆ ಹೋದೆ. ನಂಜುಂಡಣ್ಣ ನನ್ನನ್ನು ನೋಡಿ ಸ್ಟೂಲಿನ ಮೇಲಿದ್ದ ಪೇಪರ್ ಎತ್ತಿಕೊಂಡರು. ಎರಡೂವರೆ ತಿಂಗಳಿಗೆ ಇಳಿದುಹೋಗಿದ್ದರು. ನಾನು ಕ್ಷಮೆ ಕೇಳಲಿಲ್ಲ, ಅವರೂ ಕೇಳಲಿಲ್ಲ. "ನಾಳಿದ್ದು ಹಾಸನಕ್ಕೆ ಹೋಗೋದೈತೆ. ಬನ್ನಿ, ಜೊತೆಗಾಯ್ತದೆ" ಅಂದೆ. ಯಾಕೆ ಅಂತ ಕೇಳದೆ "ಎಷ್ಟು ಗಂಟೆ ಬಸ್ಸು?" ಅಂದರು.

ಹಾಸನದ ಕಿವಿ ಡಾಕ್ಟರ ಹತ್ತಿರ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆ ಇತ್ತು. ನಂಜುಂಡಣ್ಣನನ್ನು ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಬಟನ್ ಕೊಟ್ಟರು. ಶಬ್ದ ಕೇಳಿದಾಗ ಒತ್ತಬೇಕು. ಹೊರಗೆ ಕೂತ ಹುಡುಗಿ ಯಂತ್ರ ತಿರುಗಿಸುತ್ತಿದ್ದಳು. ಮೊದಮೊದಲು ಅವರ ಹೆಬ್ಬೆರಳು ಆಡುತ್ತಿತ್ತು. ಆಮೇಲೆ ಹುಡುಗಿ ಒಂದೇ ಸಮನೆ ತಿರುಗಿಸುತ್ತಲೇ ಇದ್ದಳು, ಅವರು ಬಟನ್ ಮೇಲೆ ಹೆಬ್ಬೆರಳಿಟ್ಟುಕೊಂಡು ಕಾಯುತ್ತಲೇ ಇದ್ದರು. ಪರೀಕ್ಷೆಗೆ ಕೂತ ಮಗುವಿನ ಹಾಗೆ ಹುಬ್ಬು ಗಂಟಿಕ್ಕಿಕೊಂಡು, ಬಹಳ ಶ್ರದ್ಧೆಯಿಂದ. ನನಗೆ ನೋಡಲಾಗಲಿಲ್ಲ. ಹೊರಗೆ ಬಂದು ನಿಂತೆ.

ಡಾಕ್ಟರು ವಿವರವಾಗಿ ಹೇಳಿದರು. ಮೇಲಿನ ಸ್ವರಗಳು ಹೋಗಿವೆ, ಕೆಳಗಿನವು ಪರವಾಗಿಲ್ಲ. ವಯಸ್ಸಿನದು, ವಾಪಸ್ ಬರುವುದಿಲ್ಲ. ಮಾತು ಕೇಳಲು ಮಷಿನ್ ಹಾಕಿಕೊಳ್ಳಬಹುದು, ಆದರೆ ಶ್ರುತಿ ಮಾಡುವ ಕೆಲಸಕ್ಕೆ ಅದನ್ನು ನಂಬಬೇಡಿ. "ಇದು ಇವತ್ತು ನಿನ್ನೆಯದಲ್ಲ. ಮೂರು ನಾಲ್ಕು ವರ್ಷದಿಂದ ನಿಧಾನಕ್ಕೆ ಆಗಿರೋದು" ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ನಂಜುಂಡಣ್ಣ ಕಿಟಕಿ ಬದಿಗೆ ಕೂತಿದ್ದರು. ಆಲೂರು ಹ್ಯಾಂಡ್‌ಪೋಸ್ಟ್ ದಾಟಿತು. ಆಮೇಲೆ ನನ್ನ ಕಡೆ ತಿರುಗಿದರು.

"ರೈಟ್ರೇ, ಮೂರು ನಾಲ್ಕು ವರ್ಷ ಅಂದ್ರಲ್ಲ ಡಾಕ್ಟ್ರು. ಹಂಗಾದ್ರೆ ಹೋದ್ವರ್ಷ ನಿಮ್ಮ ಪೆಟ್ಟಿಗೆ ಹೆಂಗೆ ಸರಿಯಾಗಿತ್ತು?"

ನಾನು ಮುಂದಿನ ಸೀಟಿನ ಕಂಬಿ ಹಿಡಿದು ರಸ್ತೆ ನೋಡಿದೆ. ಮಾತು ಕೊಟ್ಟಿದ್ದೆ. ಸುಳ್ಳು ಹೇಳೋಣ ಅಂದರೆ ಒಂದೂ ತೋಚಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದವರು ಮೆಲ್ಲಗೆ "ಅವಳು" ಅಂದರು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ಸಕಲೇಶಪುರದಲ್ಲಿ ಇಳಿದು ನೆಟ್ಟಗೆ ಅಂಗಡಿಗೆ ನಡೆದರು. ನಾನೂ ಹಿಂದೆ ಹೋದೆ, ಹೋಗಬೇಕೋ ಬೇಡವೋ ತಿಳಿಯದೆ. ಲಲಿತಕ್ಕ ಎದ್ದು ನಿಂತರು. ನಂಜುಂಡಣ್ಣ ರೀಡು ಮುರಿದು ಮೂಲೆಗೆ ಸರಿಸಿದ್ದ ಪೆಟ್ಟಿಗೆಯನ್ನು ಎತ್ತಿ ತಂದು ಕೆಲಸದ ಹಲಗೆಯ ಮೇಲೆ ಇಟ್ಟರು. ಹೊಸ ರೀಡು ತೆಗೆದಿಟ್ಟರು. ಅರ ತೆಗೆದು ಹೆಂಡತಿಯ ಕಡೆ ಚಾಚಿದರು.

"ಮಾಡು, ನೋಡ್ತೀನಿ."

ಲಲಿತಕ್ಕ ನನ್ನ ಕಡೆ ನೋಡಿದರು. ನಾನು ಹೇಳಿಲ್ಲ ಅಂತ ತಲೆಯಾಡಿಸಿದೆ. ಅವರು ನಂಬಿದರೋ ಇಲ್ಲವೋ. ಗಂಡ ಇಷ್ಟು ವರ್ಷ ಕೂತಿದ್ದ ಮಣೆಯ ಮೇಲೆ ಅವರು ಕೂರಲಿಲ್ಲ, ನಿಂತುಕೊಂಡೇ ಸ್ಕ್ರೂ ಬಿಚ್ಚಿದರು. ರೀಡು ಕೂರಿಸಿ, ಒತ್ತಿ, ಕೇಳಿ, ಎರಡು ಸಲ ಉಜ್ಜಿ, ಮತ್ತೆ ಒತ್ತಿದರು. ನಡುಕ ನಿಧಾನವಾಗುತ್ತಾ ಬಂತು. ನಂಜುಂಡಣ್ಣ ಅವರ ಕೈಯನ್ನೇ ನೋಡುತ್ತಿದ್ದರು. ನನಗೆ ಭಯ, ಇನ್ನೇನು ಕಿತ್ತುಕೊಂಡು ಎಸೆಯುತ್ತಾರೆ ಅಂತ.

"ಅರ ಹಂಗೆ ಹಿಡೀಬ್ಯಾಡ" ಅಂದರು. "ಮಣಿಕಟ್ಟು ಮೇಲೆತ್ತು. ಹಂಗೆ ಒತ್ತುದ್ರೆ ರೀಡಿನ ಬುಡ ಸೀಳ್ತೈತೆ." ಕೈ ಹಿಡಿದು ತೋರಿಸಿದರು. ಅವರು ಹೇಳಿದ ಹಾಗೆ ಲಲಿತಕ್ಕ ಮಣಿಕಟ್ಟು ಎತ್ತಿದರು. ಇನ್ನೆರಡು ಸಲ ಉಜ್ಜಿದರು. ನಡುಕ ನಿಂತಿತು.

"ನಿಂತ್ತಾ?" ಅಂತ ನಂಜುಂಡಣ್ಣ ನನ್ನನ್ನು ಕೇಳಿದರು.

"ನಿಂತ್ತು" ಅಂದೆ.

ಅವರು ಹಲಗೆಯ ಕೆಳಗಿನಿಂದ ಮಣೆಯನ್ನು ಹೆಂಡತಿಯ ಕಡೆ ಕಾಲಲ್ಲಿ ತಳ್ಳಿ, ತಾವು ಗಿರಾಕಿಗಳ ಸ್ಟೂಲಿನ ಮೇಲೆ ಕೂತರು.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ನಂಜುಂಡಣ್ಣನಿಗೆ ಮುಗಿದಿರಲಿಲ್ಲ. ಆ ಏಳು ಪೆಟ್ಟಿಗೆ ಅವರ ಎದೆ ಮೇಲೆ ಕೂತಿದ್ದವು. ನಮ್ಮದನ್ನು ಲಲಿತಕ್ಕ ಅದೇ ವಾರ ಮಾಡಿಕೊಟ್ಟರು. ಉಳಿದ ಆರನ್ನು ತಂದುಕೊಡಿ ಅಂತ ಹೇಳಿ ಕಳಿಸಬಹುದಿತ್ತು. "ತಪ್ಪು ಮಾಡ್ದೋನು ನಾನು, ಬಸ್ಸಲ್ಲಿ ಹೊತ್ಕೊಂಡು ಬರೋದು ಅವ್ರಾ?" ಅಂದರು. ಫೆಬ್ರವರಿಯಲ್ಲಿ ನಮ್ಮ ಕುಯ್ಲು ಮುಗಿದು ನನಗೂ ಬಿಡುವಾಯಿತು. ಅರ, ಸ್ಕ್ರೂಡ್ರೈವರು, ಒಂದಿಷ್ಟು ರೀಡು ಕೈಚೀಲಕ್ಕೆ ಹಾಕಿಕೊಂಡು ಮೂವರೂ ಹೊರಟೆವು.

ಎಲ್ಲಾ ಕಡೆ ಒಂದೇ ಥರ ಆಗಲಿಲ್ಲ. ದೋಣಿಗಲ್ ಕಡೆಯವರು ಆಗಲೇ ಬೇರೆ ಕಡೆ ಮಾಡಿಸಿಕೊಂಡಿದ್ದರು. ಗದರಿಸಿಕೊಂಡು ಹೋದವರಲ್ಲಿ ಒಬ್ಬ ಬಾಗಿಲಲ್ಲೇ ನಿಂತು "ಈಗ ಸರಿಯಾಗೈತೆ, ಬಿಡಿ" ಅಂದ. ನಂಜುಂಡಣ್ಣ ಕೈ ಮುಗಿದು "ಆವತ್ತು ನಾನು ಮಾತಾಡಿದ್ದು ತಪ್ಪು. ನಂಗೆ ಕಿವಿ ಹೋಗೈತೆ, ಆಗ ಗೊತ್ತಿರ್ಲಿಲ್ಲ" ಅಂದರು. ಅವನಿಗೆ ಏನು ಹೇಳಬೇಕೋ ತಿಳಿಯದೆ ಒಳಗೆ ಕರೆದು ಕೂರಿಸಿದ. ಲಲಿತಕ್ಕ ಪೆಟ್ಟಿಗೆ ಒತ್ತಿ ನೋಡಿ "ಚೆನ್ನಾಗೇ ಮಾಡವ್ರೆ" ಅಂದರು. ಇನ್ನೊಂದು ಊರಿನಲ್ಲಿ ಪೆಟ್ಟಿಗೆ ನರಳುತ್ತಿದೆ ಅಂತ ಯಾರಿಗೂ ಗೊತ್ತೇ ಆಗಿರಲಿಲ್ಲ. ಅದಕ್ಕೆ ನಂಜುಂಡಣ್ಣನಿಗೆ ಹೆಚ್ಚು ಬೇಜಾರಾಯಿತು.

ಕೊನೆಯದು ಕುಂದೂರು. ಅಲ್ಲಿಯ ಮಂಡಳಿಯ ಹಿರಿಯರು ಹಳೇ ಕಾಲದ ನಾಟಕಗಳಿಗೆ ಹಾರ್ಮೋನಿ ನುಡಿಸಿದವರು, ಎಂಬತ್ತು ದಾಟಿತ್ತು. ಪೆಟ್ಟಿಗೆಯನ್ನು ಲಲಿತಕ್ಕ ಮುಂದಕ್ಕೆ ಎಳೆದುಕೊಂಡಾಗ ಅದರ ಮೇಲೆ ಕೈ ಇಟ್ಟು ತಡೆದರು.

"ಏಯ್ ನಂಜುಂಡಾ, ಹೆಂಗಸ್ರು ಪೆಟ್ಟಿಗೆ ಬಿಚ್ಚಿದ್ದು ನಾನು ಎಲ್ಲೂ ನೋಡಿಲ್ಲ ಕಣಯ್ಯ."

"ನಾನೂ ನೋಡಿರ್ಲಿಲ್ಲ ಕಣಣ್ಣಾ. ನೋಡಿದ್ದೇ ಮೊನ್ನೆ ಮೊನ್ನೆ." ನಂಜುಂಡಣ್ಣ ಕಿವಿಯ ಮಷಿನ್ ಸರಿಮಾಡಿಕೊಂಡು ಹತ್ತಿರ ಸರಿದರು. "ಈ ವರ್ಷ ಪೆಟ್ಟಿಗೆ ಹೆಂಗಿತ್ತು?"

"ಕೆಟ್ಟೋಗಿತ್ತು. ಮುಲಾಜಿಗೆ ಹೇಳಿರ್ಲಿಲ್ಲ."

"ಹೋದ್ವರ್ಷ?"

"ಹೋದ್ವರ್ಷ ಭಾಳ ಚೆನ್ನಾಗಿತ್ತು. ಹಂಗೆ ಎಂದೂ ಕೂತಿರ್ಲಿಲ್ಲ ಸ್ವರ."

"ಈ ವರ್ಷದ್ದು ನಾನು ಮಾಡಿದ್ದು" ಅಂದರು ನಂಜುಂಡಣ್ಣ. "ಹೋದ್ವರ್ಷದ್ದು ಇವಳು."

ಜಗುಲಿಯಲ್ಲಿ ಆರೇಳು ಜನ ಇದ್ದರು. ಎಲ್ಲರೂ ಲಲಿತಕ್ಕನ ಕಡೆ ತಿರುಗಿದರು. ಹಿರಿಯರು ಪೆಟ್ಟಿಗೆಯ ಮೇಲಿನ ಕೈ ತೆಗೆದರು. "ಕಾಫಿ ಕಾಸ್ರಮ್ಮಾ" ಅಂತ ಒಳಗೆ ಕೂಗಿ, ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕೂತರು. ಲಲಿತಕ್ಕ ಒಂದೂವರೆ ಗಂಟೆ ತೆಗೆದುಕೊಂಡರು.

ಸಾಯಂಕಾಲದ ಬಸ್ಸಿಗೆ ಹತ್ತಿದೆವು. ಲಲಿತಕ್ಕ ಕಿಟಕಿಗೆ, ನಂಜುಂಡಣ್ಣ ಪಕ್ಕಕ್ಕೆ, ನಾನು ಹಿಂದಿನ ಸೀಟಿಗೆ. ಆಲೂರು ದಾಟಿ ಹೈವೇಗೆ ಬಿದ್ದ ಮೇಲೆ ನಂಜುಂಡಣ್ಣ ಕೇಳಿದರು. ಅಷ್ಟು ದಿನ ಒಂದೇ ಮನೆಯಲ್ಲಿದ್ದು ಕೇಳದೇ ಇದ್ದದ್ದನ್ನು ಬಸ್ಸಿನಲ್ಲಿ ಯಾಕೆ ಕೇಳಿದರೋ.

"ಎರಡು ವರ್ಷ ಯಾಕೆ ಹೇಳ್ಲಿಲ್ಲ ನೀನು?"

ಲಲಿತಕ್ಕ ಏನೋ ಅಂದರು. ಇಂಜಿನ್ ಸದ್ದಿಗೆ ನನಗೇ ಕೇಳಲಿಲ್ಲ, ಅವರಿಗೆಲ್ಲಿ ಕೇಳಬೇಕು. "ಆಂ?" ಅಂದರು.

"ಹೇಳಿದ್ರೆ ನೀವು ಅಂಗಡಿ ಮುಚ್ತಿದ್ರಿ!" ಲಲಿತಕ್ಕ ಗಟ್ಟಿಯಾಗಿ ಅಂದರು. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಮುಚ್ತಿರ್ಲಿಲ್ಲ" ಅಂದರು ನಂಜುಂಡಣ್ಣ.

ಪಾಳ್ಯ ಬಂತು. ಜನ ಇಳಿದರು, ಜನ ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬಾಳ್ಳುಪೇಟೆಯ ದೀಪಗಳು ಕಾಣಿಸುವ ಹೊತ್ತಿಗೆ ನಂಜುಂಡಣ್ಣ ಹೆಂಡತಿಯ ಕಡೆ ಬಗ್ಗಿದರು.

"ಮುಚ್ತಿದ್ದೆ ಕಣೇ" ಅಂದರು.